ಗಾಳಿ ಕಾಯುವ ಕಣ

ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮೂರ ಕಣದಲ್ಲಿ ರಾಗಿ ಒಕ್ಕಣೆ ನಡೆಯುತ್ತಿತ್ತು. ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವಿನ ಸೀಮೆ ನಮ್ಮದು. ನೀರಿದ್ದವರಿಗೆ ತೆಂಗು, ಅಡಿಕೆ. ಇಲ್ಲದವರಿಗೆ ರಾಗಿ, ಹುರುಳಿ. ರೋಣಗಲ್ಲು ಉರುಳಿಸಿ ತೆನೆ ಬಿಡಿಸಿದ ಮೇಲೆ ಕಾಳು, ಹೊಟ್ಟು, ದೂಳು ಎಲ್ಲ ಒಂದೇ ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಅವನ್ನು ಬೇರೆ ಬೇರೆ ಮಾಡುವುದು ಗಾಳಿಯ ಕೆಲಸ. ಅಜ್ಜ ಮೂರು ಕಾಲಿನ ಮೆಟ್ಟಿನ ಮೇಲೆ ನಿಂತು, ಮೊರ ಎತ್ತಿ ಹಿಡಿದು, ಗಾಳಿಗಾಗಿ ಕಾಯುತ್ತಿದ್ದರು. ಅದು ಬರಲಿಲ್ಲವೆಂದರೆ ಇಳಿದು ಬೇವಿನ ನೆರಳಿಗೆ ಹೋಗುತ್ತಿದ್ದರು. ಆ ಹೊತ್ತಿಗೆಂದೇ ಬೇರೆ ಕೆಲಸ ಇಟ್ಟುಕೊಂಡಿರುತ್ತಿದ್ದರು: ಹರಿದ ಚೀಲ ಹೊಲಿಯುವುದು, ಹಗ್ಗ ಹೊಸೆಯುವುದು, ದನಕ್ಕೆ ನೀರು ಕುಡಿಸುವುದು. ಬೇವಿನ ಎಲೆ ಅಲ್ಲಾಡಿದ ಕೂಡಲೇ ಒಂದು ಹಿಡಿ ಹೊಟ್ಟನ್ನು ಮೇಲಕ್ಕೆ ತೂರಿ, ಅದು ಎತ್ತ ಸಾಗುತ್ತದೆಂದು ನೋಡಿ, ಮೆಟ್ಟನ್ನು ಗಾಳಿಗೆ ಸರಿಯಾಗಿ ತಿರುಗಿಸಿ ಹತ್ತಿ ನಿಂತರೆ, ಗಾಳಿ ನಿಲ್ಲುವ ತನಕ ಇಳಿಯುತ್ತಿರಲಿಲ್ಲ. ಊಟಕ್ಕೆ ಕರೆದರೂ ಇಲ್ಲ.

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಇವತ್ತು ಅವಕಾಶವಾದಿಗಳ ಮೇಲೆ ಹೇಳುತ್ತಾರೆ. ನನಗೆ ಆ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಕಣದಲ್ಲಿ ಅದು ಎಂಜಿನಿಯರಿಂಗ್ ಸೂತ್ರ. ನಿನ್ನ ಕೈಯಲ್ಲಿಲ್ಲದ ಶಕ್ತಿಯೊಂದು ಬಂದುಹೋಗುತ್ತದೆ, ಅದಕ್ಕೆ ಹೊಂದಿಸಿ ನಿನ್ನ ಕೆಲಸ ಜೋಡಿಸಿಕೋ ಎನ್ನುವ ಸೂತ್ರ. ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಸ್ಮಾರ್ಟ್ ಗ್ರಿಡ್ ಎಂಬ ಹೊಸ ಮಾತನ್ನು ಮೊದಲ ಸಲ ಕೇಳಿ, ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದಾಗ ಕಣ್ಣ ಮುಂದೆ ಬಂದದ್ದು ಮೆಟ್ಟಿನ ಮೇಲೆ ನಿಂತ ಅಜ್ಜ.

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಬರುವಾಗ ಎಡಗಡೆ ಬೆಟ್ಟದ ಸಾಲು ನೋಡಿ. ಅದರ ನೆತ್ತಿಯುದ್ದಕ್ಕೂ ಗಾಳಿಯಂತ್ರಗಳು. ನಮ್ಮ ಕಡೆ ಯಾರೂ ಅವನ್ನು ಗಾಳಿಯಂತ್ರ ಅನ್ನುವುದಿಲ್ಲ, ‘ಫ್ಯಾನು’ ಅನ್ನುತ್ತಾರೆ. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ, ಬೆಟ್ಟದ ಫ್ಯಾನು ಗಾಳಿ ತಿಂದು ಕರೆಂಟು ಕೊಡುತ್ತದೆ. ಹೆಸರು ತಪ್ಪೇನಲ್ಲ. ತಿರುಗುವ ಮೋಟರನ್ನು ಹೊರಗಿನಿಂದ ತಿರುಗಿಸಿದರೆ ಅದೇ ಜನರೇಟರ್ ಆಗಬಲ್ಲದು ಎಂಬ ಫ್ಯಾರಡೆಯ ಕಾಲದ ಅರಿವನ್ನು ನಮ್ಮ ಜನ ಒಂದೇ ಶಬ್ದದಲ್ಲಿ ಹಿಡಿದಿಟ್ಟಿದ್ದಾರೆ.

ಫ್ಯಾನು ಇಲ್ಲೇ ಯಾಕೆ ಬಂತು? ಇದಕ್ಕೆ ಉತ್ತರ ಬಹಳ ಹಳೆಯದು. ಚಿತ್ರದುರ್ಗದ ಕೋಟೆಯ ಗುಂಡುಬಂಡೆಗಳು ಗ್ರಾನೈಟಿನವು. ಫ್ಯಾನುಗಳು ನಿಂತ ಜೋಗಿಮಟ್ಟಿಯ ಸಾಲು ಬೇರೆಯೇ ಜಾತಿಯ ಕಲ್ಲು. ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಕರೆಯುವ ಈ ಪಟ್ಟಿ ಗದಗದ ಕಡೆಯಿಂದ ಹೊರಟು ಚಿತ್ರದುರ್ಗ ಹಾದು ಮಂಡ್ಯ ಸೀಮೆಯವರೆಗೆ ಸಾಗುತ್ತದೆ. ಚಿತ್ರದುರ್ಗ, ಹಿರಿಯೂರುಗಳ ನಡುವಿನ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟಂಥ ಲಾವಾ ಶಿಲೆಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಕಾಪಾಡಿದ್ದಾರೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ಮಾತ್ರ ಆ ಆಕಾರಕ್ಕೆ ತಣಿಯುತ್ತದೆ. ಅಂದರೆ ನೀರಿಗಾಗಿ ಬಾಯಿ ಬಿಡುವ ಈ ನೆಲ ಸುಮಾರು 250 ಕೋಟಿ ವರ್ಷಗಳ ಹಿಂದೆ ಸಮುದ್ರದಡಿಯಲ್ಲಿತ್ತು. ಇದೇ ಸಾಲಿನ ಇಂಗಳದಾಳಿನಲ್ಲಿ ತಾಮ್ರದ ಗಣಿಯೂ ನಡೆದಿತ್ತು. ಜನರೇಟರಿನ ಸುರುಳಿಗೆ ಬೇಕಾದ ಲೋಹವೂ ಅದನ್ನು ತಿರುಗಿಸುವ ಗಾಳಿಯೂ ಒಂದೇ ಬೆಟ್ಟಸಾಲಿನಲ್ಲಿ ಸಿಗುವುದೆಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈ ಸಾಲು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಮಲಗಿದೆ. ಮುಂಗಾರಿನ ಗಾಳಿ ಬರುವುದು ಪಶ್ಚಿಮದಿಂದ. 1969ರಲ್ಲಿ ಬ್ರಿಟಿಷ್ ಹವಾಮಾನ ವಿಜ್ಞಾನಿ ಜಾನ್ ಫಿಂಡ್ಲೇಟರ್ ಗುರುತಿಸಿದಂತೆ, ಆಫ್ರಿಕಾದ ಪೂರ್ವ ಕರಾವಳಿಯ ಬಳಿ ಸಮಭಾಜಕ ದಾಟಿದ ಗಾಳಿಯ ರಭಸದ ಹೊಳೆಯೊಂದು, ನೆಲದಿಂದ ಒಂದೂವರೆ ಕಿಲೋಮೀಟರಿನಷ್ಟು ಎತ್ತರದಲ್ಲಿ, ಅರಬ್ಬೀ ಸಮುದ್ರವನ್ನು ಹಾಯ್ದು ನಮ್ಮ ಕಡೆ ನುಗ್ಗುತ್ತದೆ. ತಂದ ನೀರನ್ನೆಲ್ಲ ಅದು ಮಲೆನಾಡಿನಲ್ಲೇ ಇಳಿಸಿಬಿಡುತ್ತದೆ. ಘಟ್ಟ ದಾಟಿ ಬಯಲುಸೀಮೆಗೆ ಬರುವ ಹೊತ್ತಿಗೆ ಮಳೆ ಖಾಲಿ, ಗಾಳಿ ಮಾತ್ರ ಉಳಿದಿರುತ್ತದೆ. ಆಷಾಢದಲ್ಲಿ ಹೊಳಲ್ಕೆರೆಯ ಬಯಲಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೋಡ ಓಡುತ್ತಲೇ ಇರುತ್ತದೆ, ಹನಿ ಬೀಳುವುದಿಲ್ಲ, ಸೆರಗು, ಟವಲ್ಲು ನಿಲ್ಲುವುದಿಲ್ಲ. ಅಂಥ ಗಾಳಿಗೆ ಅಡ್ಡವಾಗಿ ಗೋಡೆಯಂತೆ ಬೆಟ್ಟ ಮಲಗಿದ್ದರೆ, ಗಾಳಿ ಮೇಲೇರಿ ನೆತ್ತಿಯ ಬಳಿ ಒತ್ತರಿಸಿಕೊಂಡು ಜೋರಾಗಿ ಹಾಯಬೇಕು.

ಆ ‘ಜೋರು’ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಹತ್ತು ಶೇಕಡಾ ಹೆಚ್ಚಿದರೆ ಶಕ್ತಿ ಮೂವತ್ಮೂರು ಶೇಕಡಾ ಹೆಚ್ಚು. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. 50 ಮೀಟರ್ ಉದ್ದದ ರೆಕ್ಕೆಗಳ ಯಂತ್ರವೊಂದು ಬೀಸುವ ವೃತ್ತದ ವಿಸ್ತೀರ್ಣ ಸುಮಾರು 7,850 ಚದರ ಮೀಟರ್, ಹೆಚ್ಚುಕಡಿಮೆ ಎರಡು ಎಕರೆ. ಸೆಕೆಂಡಿಗೆ 8 ಮೀಟರ್ ವೇಗದ ಗಾಳಿ ಬಂದಾಗ ಆ ಎರಡು ಎಕರೆಯ ಕಿಟಕಿಯ ಮೂಲಕ ಪ್ರತಿ ಸೆಕೆಂಡಿಗೂ ಅರವತ್ತು ಟನ್ನಿಗಿಂತ ಹೆಚ್ಚು ಗಾಳಿ ಹಾದುಹೋಗುತ್ತದೆ. ಗಾಳಿಗೆ ತೂಕವಿಲ್ಲ ಎಂದುಕೊಂಡವರು ಇಲ್ಲಿ ಒಮ್ಮೆ ನಿಲ್ಲಬೇಕು. ಅದರಲ್ಲಿರುವ ಶಕ್ತಿ ಎರಡು ಮೆಗಾವ್ಯಾಟಿಗೂ ಹೆಚ್ಚು. ನಾವು ಹಿಡಿಯಬಲ್ಲದ್ದು ಅದರಲ್ಲಿ ಒಂದು ಪಾಲು. ಪೂರ್ತಿ ಹಿಡಿದರೆ ಗಾಳಿ ಅಲ್ಲೇ ನಿಂತುಹೋಗುತ್ತದೆ, ಹಿಂದಿನಿಂದ ಬರುವ ಗಾಳಿಗೆ ಜಾಗವೇ ಇರುವುದಿಲ್ಲ. ಎಷ್ಟೇ ಚೆನ್ನಾದ ಯಂತ್ರವಾದರೂ 59.3 ಶೇಕಡಾ ಮೀರಿ ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ 1919ರಲ್ಲಿ ತೋರಿಸಿದ.

ಫ್ಯಾನುಗಳು ಮೋಡ ಓಡಿಸಿ ಮಳೆ ತಪ್ಪಿಸುತ್ತವೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇದೆ. ಹೇಳುವವರು ದಡ್ಡರಲ್ಲ, ಮಳೆ ಕೈಕೊಟ್ಟ ವರ್ಷ ಬೆಟ್ಟದ ಮೇಲೆ ಹೊಸದಾಗಿ ಕಾಣುವುದು ಅದೊಂದೇ. ನಾನು ಅವರಿಗೆ ಎತ್ತರದ ಲೆಕ್ಕ ಹೇಳುತ್ತೇನೆ. ರೆಕ್ಕೆಯ ತುದಿ ಬೆಟ್ಟದ ನೆತ್ತಿಯಿಂದ ನೂರೈವತ್ತು ಮೀಟರಿನಷ್ಟು ಮೇಲೆ ಹೋಗಬಹುದು. ಮಳೆ ತರುವ ಮೋಡ ಅದರ ಮೇಲೆ ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಬೆಳೆದಿರುತ್ತದೆ. ನಮಗೆ ಮಳೆ ಬರಬೇಕೋ ಬೇಡವೋ ಎಂಬುದು ಬಂಗಾಳಕೊಲ್ಲಿಯಿಂದ ಅರಬ್ಬೀ ಸಮುದ್ರದವರೆಗಿನ ಸಾವಿರಾರು ಕಿಲೋಮೀಟರಿನ ಒತ್ತಡದಾಟದಲ್ಲಿ ತೀರ್ಮಾನವಾಗುತ್ತದೆ. ಬರಗಾಲ ಈ ಸೀಮೆಗೆ ಫ್ಯಾನಿಗಿಂತ ಬಹಳ ಹಿಂದೆ ಬಂದ ನೆಂಟ. ಆದರೆ ಬೆಟ್ಟದ ನೆತ್ತಿಗೆ ದೊಡ್ಡ ರೆಕ್ಕೆ ಸಾಗಿಸಲು ಕಡಿದ ರಸ್ತೆಗಳು, ಮಳೆಗೆ ಕೊಚ್ಚಿ ಇಳಿಯುವ ಮಣ್ಣು, ಜೋಗಿಮಟ್ಟಿಯಂಥ ಕಾಡಿನ ಅಂಚಿಗೆ ಆಗುವ ಗಾಯ ಇವು ನಿಜ. ಕುರುಚಲು, ಹುಲ್ಲುಗಾವಲುಗಳನ್ನು ಸರಕಾರಿ ಕಾಗದ ಪಾಳು ಎಂದು ಬರೆದುಕೊಂಡರೂ ಕೃಷ್ಣಮೃಗಕ್ಕೂ ಕುರಿಗಾಹಿಗೂ ಅದು ಪಾಳಲ್ಲ. ಗಾಳಿ ವಿದ್ಯುತ್ತನ್ನು ಪ್ರೀತಿಸುವ ನಾವೇ ಇದನ್ನು ಮೊದಲು ಹೇಳಬೇಕು.

ಈಗ ಬೆಟ್ಟ ಇಳಿದು ತಂತಿಯ ಜತೆ ಹೋಗೋಣ. ನನಗೆ ಫ್ಯಾನಿಗಿಂತ ಹೆಚ್ಚು ಹುಚ್ಚು ಹಿಡಿಸಿದ್ದು ಈ ತಂತಿಯ ಜಾಲ.

ವಿದ್ಯುತ್ ಜಾಲದಲ್ಲಿ ಉಗ್ರಾಣವಿಲ್ಲ. ಈ ಕ್ಷಣ ಎಷ್ಟು ಬಳಕೆಯೋ ಈ ಕ್ಷಣ ಅಷ್ಟೇ ತಯಾರಾಗಬೇಕು. ನಾಯಕನಹಟ್ಟಿಯ ತೇರು ಎಳೆಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನೂರಾರು ಜನ ಒಂದೇ ಹಗ್ಗ ಹಿಡಿದಿರುತ್ತಾರೆ. ದಾರಿ ಏರಾದರೆ ತೇರು ನಿಧಾನವಾಗುತ್ತದೆ, ಇನ್ನಷ್ಟು ಜನ ಕೈ ಹಾಕಬೇಕು. ಇಳಿಜಾರು ಬಂದರೆ ಕೈ ಸಡಿಲಿಸಬೇಕು, ಇಲ್ಲವಾದರೆ ತೇರು ಎಳೆಯುವವರ ಮೇಲೆಯೇ ಬರುತ್ತದೆ. ಭಾರತದ ಜಾಲದ ತೇರು ಸೆಕೆಂಡಿಗೆ 50 ಆವರ್ತನದ ವೇಗದಲ್ಲಿ ಓಡಬೇಕು, 49.90ರಿಂದ 50.05ರ ನಡುವೆ ಇದ್ದರೆ ಕ್ಷೇಮ. ಬಳಕೆ ಹೆಚ್ಚಾದಾಗ ದೇಶದ ಎಲ್ಲ ಜನರೇಟರುಗಳೂ ಒಟ್ಟಿಗೆ ಒಂದು ಕೂದಲೆಳೆ ನಿಧಾನವಾಗುತ್ತವೆ. ಹೊಸದುರ್ಗದ ಒಂದು ಗಿರಣಿಯ ಮೋಟರು ಶುರುವಾದರೂ ಆ ಸುದ್ದಿ, ಅಳೆಯಲಾಗದಷ್ಟು ಸಣ್ಣದಾಗಿ, ಕಾಶ್ಮೀರದ ಜನರೇಟರಿಗೂ ಮುಟ್ಟುತ್ತದೆ.

ಅದು ಮುಟ್ಟತೊಡಗಿದ್ದು 2013ರ ಡಿಸೆಂಬರ್ 31ರಿಂದ. ಅದಕ್ಕೂ ಮೊದಲು ದಕ್ಷಿಣದ ಜಾಲ ಬೇರೆ ತೇರು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ, ಮರುದಿನ ಅದರ ಜತೆ ಪೂರ್ವ, ಈಶಾನ್ಯದ ಜಾಲಗಳೂ ಕುಸಿದು, ಎರಡನೆಯ ದಿನ ಸುಮಾರು 60 ಕೋಟಿ ಜನ ಕತ್ತಲಲ್ಲಿ ಉಳಿದಾಗ ನಮ್ಮ ಕಡೆ ದೀಪ ಉರಿಯುತ್ತಿದ್ದುದು ಅದಕ್ಕೇ. ಮುಂದೆ ರಾಯಚೂರಿನಿಂದ ಸೋಲಾಪುರಕ್ಕೆ 765 ಕಿಲೋವೋಲ್ಟಿನ ತಂತಿ ಎಳೆದು ಎರಡೂ ತೇರುಗಳನ್ನು ಒಂದೇ ಹಗ್ಗಕ್ಕೆ ಕಟ್ಟಿದರು. ಅಪಾಯ ಹಂಚಿಕೊಂಡೆವು, ಅನುಕೂಲವನ್ನೂ ಹಂಚಿಕೊಂಡೆವು: ಆಷಾಢದಲ್ಲಿ ಜೋಗಿಮಟ್ಟಿಯ ಗಾಳಿ ಹೆಚ್ಚಾದರೆ ಅದರ ಕರೆಂಟು ದೂರದ ರಾಜ್ಯಗಳಲ್ಲಿ ಉರಿಯಬಹುದು.

ಗಾಳಿ ಎಷ್ಟು ಬರುತ್ತದೆಂದು ಮೊದಲೇ ಹೇಳುವುದು ಈಗ ಕಡ್ಡಾಯ. ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿಗೂ ಇಷ್ಟು ವಿದ್ಯುತ್ ಕೊಡುತ್ತೇವೆ ಎಂದು ಗಾಳಿ ಮತ್ತು ಸೌರ ಘಟಕಗಳು ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಮುಂಚಿತವಾಗಿ ಬರೆದುಕೊಡಬೇಕು. ಲೆಕ್ಕ ಬಹಳ ತಪ್ಪಿದರೆ ದಂಡ. ಇದಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲೇ ನಿಯಮ ಮಾಡಿತು. ಉಪಗ್ರಹದ ಚಿತ್ರ, ಹವಾಮಾನ ಮಾದರಿ, ಗೋಪುರದ ಮೇಲಿನ ಗಾಳಿಮಾಪಕ, ಹಳೆಯ ವರ್ಷಗಳ ಅಂಕಿ ಎಲ್ಲ ಸೇರಿಸಿ ಕಂಪ್ಯೂಟರು ಹೇಳುವುದು ಅಜ್ಜ ಒಂದು ಹಿಡಿ ಹೊಟ್ಟು ತೂರಿ ನೋಡುತ್ತಿದ್ದುದನ್ನೇ.

ಗಾಳಿಯನ್ನು ಅಂದಾಜು ಮಾಡುವ ಕಡೆ ಇಷ್ಟೆಲ್ಲ ಬುದ್ಧಿ ಖರ್ಚಾಗಿದೆ. ಕಣದ ಇನ್ನೊಂದು ಬದಿ, ಅಂದರೆ ಕೆಲಸವನ್ನು ಗಾಳಿಗೆ ಹೊಂದಿಸುವ ಬದಿ, ನಮ್ಮಲ್ಲಿ ಇನ್ನೂ ಹಿಂದೆಯೇ ಉಳಿದಿದೆ. ಕಲ್ಲಿದ್ದಲನ್ನು ರಾಶಿ ಹಾಕಿಡಬಹುದು, ನೀರನ್ನು ಕಟ್ಟೆಯಲ್ಲಿ ನಿಲ್ಲಿಸಬಹುದು. ಹಾಗಾಗಿ ನೂರು ವರ್ಷ ನಾವು ಸ್ವಿಚ್ಚು ಒತ್ತಿದಾಗ ಕರೆಂಟು ಓಡಿಬರಬೇಕೆಂದು ರೂಢಿ ಮಾಡಿಕೊಂಡೆವು. ಈ ರೂಢಿ ತಿದ್ದಿ ಬಳಕೆಯನ್ನೂ ಕರೆಂಟಿಗೆ ಹೊಂದಿಸುವುದು ಸ್ಮಾರ್ಟ್ ಗ್ರಿಡ್ಡಿನ ಆಸೆ. ಮೈಸೂರಿನ ಒಂದು ಭಾಗದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಹಕರೊಂದಿಗೆ ದೇಶದ ಮೊದಲ ಸ್ಮಾರ್ಟ್ ಗ್ರಿಡ್ ಪ್ರಯೋಗಗಳಲ್ಲೊಂದು ನಡೆಯಿತು. ಪಟ್ಟಣದ ಮೀಟರಿಗೆ ಬೆಲೆಯ ಭಾಷೆ ತಿಳಿಯುತ್ತದೆ: ಈ ಗಂಟೆ ಅಗ್ಗ, ಆ ಗಂಟೆ ದುಬಾರಿ. ನಮ್ಮ ಪಂಪ್‌ಸೆಟ್ಟಿಗೆ ಆ ಭಾಷೆ ನಡೆಯದು, ಯಾಕೆಂದರೆ 10 ಎಚ್‌ಪಿ ವರೆಗಿನ ಮೋಟರಿಗೆ ಕರೆಂಟು ಉಚಿತ. ಅಲ್ಲಿ ನಡೆಯುವುದು ಹೊತ್ತಿನ ಭಾಷೆ: ದಿನಕ್ಕೆ ಏಳು ಗಂಟೆ ತ್ರೀ ಫೇಸ್, ಅದು ಯಾವ ಏಳು ಗಂಟೆ ಎಂಬುದೇ ಊರಿನ ದೊಡ್ಡ ಸುದ್ದಿ.

ನಮ್ಮ ಬಾಲ್ಯದಲ್ಲಿ ಆ ಗಂಟೆಗಳು ಬಹುಪಾಲು ರಾತ್ರಿಯವು. ಅಪ್ಪ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುವಾಗ ಅವ್ವ ಬಾಗಿಲಲ್ಲೇ ಕೂರುತ್ತಿದ್ದಳು. ಹಾವಿನ ಭಯ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವ ಭಯ. ಹಗಲಿನ ಕರೆಂಟು ಊರು, ಕಾರ್ಖಾನೆಗಳಿಗೆ ಬೇಕಿತ್ತು, ಮಿಕ್ಕಿದ್ದು ರೈತನಿಗೆ. ಸೂರ್ಯನಿಂದ ಬರುವ ಕರೆಂಟು ಇದನ್ನು ತಲೆಕೆಳಗು ಮಾಡಿತು. ನಮ್ಮ ಜಿಲ್ಲೆಯ ಗಡಿಗೆ ತಾಗಿದ ಪಾವಗಡ ತಾಲ್ಲೂಕಿನಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ 2019ರ ಹೊತ್ತಿಗೆ ಪೂರ್ತಿಯಾಯಿತು. ಮಧ್ಯಾಹ್ನ ಕರೆಂಟು ಹೆಚ್ಚಾಗತೊಡಗಿದ ಮೇಲೆ ಪಂಪ್‌ಸೆಟ್ಟುಗಳಿಗೆ ಹಗಲು ಕೊಡುವುದು ರೈತನಿಗೂ ಸುಖ, ಜಾಲಕ್ಕೂ ಸುಖ. ಬಿಸಿಲು ಬಂದಾಗ ತೂರಿಕೊಂಡ ಹಾಗೆ. ಹಳ್ಳಿಯ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೌರ ಘಟಕ ಹಾಕಿ ಆ ಫೀಡರಿನ ಮೋಟರುಗಳಿಗೆ ಕೊಡುವ ಕುಸುಮ್ ಯೋಜನೆ ಇದರ ಮುಂದಿನ ಹೆಜ್ಜೆ. ಉದ್ದ ತಂತಿಯಲ್ಲಿ ಸೋರುವುದು ತಪ್ಪುತ್ತದೆ, ಕೊನೆಯ ಕಂಬದವನಿಗೂ ವೋಲ್ಟೇಜು ಸಿಗುತ್ತದೆ. ನನ್ನನ್ನು ಕೇಳಿದರೆ ಸಾವಿರಾರು ಎಕರೆಯ ಪಾರ್ಕಿಗಿಂತ ಇದೇ ನಮ್ಮ ಸೀಮೆಗೆ ಒಪ್ಪುವ ದಾರಿ.

ಸೌರವಾಯಿತು, ಗಾಳಿಯ ಕಣ ಎಲ್ಲಿ? ನಾನು ಬಹಳ ದಿನ ಇದನ್ನೇ ಯೋಚಿಸಿದೆ. ನಮ್ಮ ಗಾಳಿ ಮೇ ತಿಂಗಳಿಂದ ಸೆಪ್ಟೆಂಬರ್ ವರೆಗೆ ಹಗಲು ರಾತ್ರಿಯೆನ್ನದೆ ಬೀಸುತ್ತದೆ. ರಾಜ್ಯಕ್ಕೆ ಕರೆಂಟು ಅತಿ ಹೆಚ್ಚು ಬೇಕಾಗುವುದು ಮಾರ್ಚಿನ ಸುಡುಬಿಸಿಲಲ್ಲಿ. 2024ರ ಮಾರ್ಚಿನಲ್ಲಿ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತ್ತು. ಗಾಳಿಗೂ ಬೇಡಿಕೆಗೂ ತಿಂಗಳುಗಳ ಅಂತರ. ಬ್ಯಾಟರಿ ಕೆಲವು ಗಂಟೆ ಹಿಡಿದಿಟ್ಟೀತು, ಆಷಾಢದ ಗಾಳಿಯನ್ನು ಮಾರ್ಚಿಗೆ ಒಯ್ಯಲಾರದು. ಹಾಗಾದರೆ ಮಳೆಗಾಲದಲ್ಲೇ ಮಾಡಿ ಮುಗಿಸಬೇಕಾದ, ಇವತ್ತಲ್ಲದಿದ್ದರೆ ನಾಳೆ ಮಾಡಿದರೂ ಆಗುವ, ಅಪಾರ ಕರೆಂಟು ಬೇಡುವ ಕೆಲಸ ಯಾವುದು?

ಉತ್ತರ ಮಾರಿಕಣಿವೆಯಲ್ಲಿ ಸಿಕ್ಕಿತು. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿ ಹೊಸದುರ್ಗದ ಮಗ್ಗುಲಲ್ಲಿ ಹರಿದುಬರುವ ವೇದಾವತಿ, ನಾನು ಹೇಳಿದ ಅದೇ ಬೆಟ್ಟಸಾಲನ್ನು ಸೀಳಿಕೊಂಡು ಹಿರಿಯೂರಿನ ಕಡೆ ಇಳಿಯುತ್ತದೆ. ಆ ಸೀಳೇ ಮಾರಿಕಣಿವೆ. ಅದಕ್ಕೆ ಕಟ್ಟೆ ಕಟ್ಟಿದ್ದು 1898ರಿಂದ 1907ರ ನಡುವೆ. ಅದೇ ವಾಣಿವಿಲಾಸ ಸಾಗರ, ಸುಮಾರು 30 ಟಿಎಂಸಿಯ ಜಲಾಶಯ. ಬೆಟ್ಟದ ನೆತ್ತಿ ಗಾಳಿಯನ್ನು ಒತ್ತರಿಸುತ್ತದೆ, ಬೆಟ್ಟದ ಬಿರುಕು ನೀರನ್ನು ಹಿಡಿಯುತ್ತದೆ. 1933ರಲ್ಲಿ ತುಂಬಿ ಕೋಡಿ ಬಿದ್ದ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ದಿನಗಳಲ್ಲಿ ಕೋಡಿ ನೋಡಲು ಬಂದ ಜನಸಾಗರದಲ್ಲಿ ನಾನೂ ಇದ್ದೆ. ಮುದುಕರು ನೀರಿಗೆ ಕೈ ಮುಗಿಯುತ್ತಿದ್ದರು. ಆ ವರ್ಷದ ಮಳೆ ದೊಡ್ಡದು, ಆದರೆ ಅದಕ್ಕೆ ಮೊದಲೇ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಕಟ್ಟೆಗೆ ಬರತೊಡಗಿತ್ತು. ಭದ್ರೆಯ ನೀರನ್ನು ಶಾಂತಿಪುರ, ಬೆಟ್ಟದತಾವರೆಕೆರೆಗಳ ಪಂಪ್‌ಹೌಸುಗಳು ಎತ್ತಿ, ಅಜ್ಜಂಪುರದ ಸುರಂಗದ ಮೂಲಕ ಈ ಕಡೆಗೆ ಬಿಡುತ್ತವೆ. ತುಂಗಾ, ಭದ್ರಾ ಸೇರಿ ಒಟ್ಟು 29.9 ಟಿಎಂಸಿ ಎತ್ತಬೇಕೆಂಬುದು ಯೋಜನೆ, ಅದೂ ಮಳೆಗಾಲದ ತಿಂಗಳುಗಳಲ್ಲಿ.

ಲೆಕ್ಕ ಹಾಕೋಣ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್, ತೂಕದಲ್ಲಿ 2.83 ಕೋಟಿ ಟನ್. ಲೆಕ್ಕದ ಅನುಕೂಲಕ್ಕೆ ಎತ್ತುವ ಎತ್ತರ 100 ಮೀಟರ್ ಎಂದಿಟ್ಟುಕೊಂಡರೆ ಬೇಕಾದ ಶಕ್ತಿ 77 ಲಕ್ಷ ಯೂನಿಟ್. ಪಂಪು, ಮೋಟರು, ಕೊಳವೆಗಳ ನಷ್ಟ ಸೇರಿಸಿದರೆ ಹತ್ತಿರಹತ್ತಿರ ಒಂದು ಕೋಟಿ ಯೂನಿಟ್. ಎರಡು ಮೆಗಾವ್ಯಾಟಿನ ಒಂದು ಫ್ಯಾನು, ಸಾಮರ್ಥ್ಯದ ಕಾಲುಭಾಗಕ್ಕಿಂತ ಸ್ವಲ್ಪ ಮೇಲೆ ಓಡಿದರೂ, ವರ್ಷಕ್ಕೆ ಸುಮಾರು 50 ಲಕ್ಷ ಯೂನಿಟ್ ಕೊಡುತ್ತದೆ. ಅಂದರೆ ಎರಡು ಫ್ಯಾನುಗಳ ವರ್ಷದ ದುಡಿಮೆ ಒಂದು ಟಿಎಂಸಿ ನೀರನ್ನು ನೂರು ಮೀಟರ್ ಎತ್ತಬಲ್ಲದು. 2024-25ರಲ್ಲಿ ಗಾಳಿ ವಿದ್ಯುತ್ತಿಗೆ ದೇಶದಲ್ಲೇ ಅತಿ ಹೆಚ್ಚು, 1,331 ಮೆಗಾವ್ಯಾಟ್, ಸೇರಿಸಿದ ರಾಜ್ಯ ನಮ್ಮದು. ಭದ್ರೆಯಲ್ಲಿ ಎತ್ತಲು ನೀರಿರುವ ತಿಂಗಳುಗಳೂ ಜೋಗಿಮಟ್ಟಿಯಲ್ಲಿ ಗಾಳಿ ಇರುವ ತಿಂಗಳುಗಳೂ ಒಂದೇ, ಎರಡನ್ನೂ ತರುವುದು ಒಂದೇ ಮುಂಗಾರು. ಗಾಳಿ ಜೋರಾದ ಹದಿನೈದು ನಿಮಿಷಗಳಲ್ಲಿ ಇನ್ನೊಂದು ಪಂಪು ಓಡಲಿ, ಗಾಳಿ ಬಿದ್ದಾಗ ಒಂದು ನಿಲ್ಲಲಿ. ಕಟ್ಟೆಗೆ ಇವತ್ತಿನ ನೀರು ನಾಳೆ ಬಂದರೆ ನಷ್ಟವೇನಿಲ್ಲ. ಎತ್ತಿದ ಆ ನೀರು ಮಾರ್ಚಿನಲ್ಲಿ ಹಿರಿಯೂರಿನ ಕಾಲುವೆಯಲ್ಲಿ ಹರಿದು ಅಷ್ಟು ಬೋರುಗಳನ್ನು ನಿಲ್ಲಿಸಿದರೆ, ಆಷಾಢದ ಗಾಳಿ ಮಾರ್ಚಿಗೆ ಬಂದ ಹಾಗೆಯೇ ಅಲ್ಲವೇ? ದೊಡ್ಡ ಜಲಾಶಯಗಳ ನಡುವೆ ನೀರು ಎತ್ತಿ ಇಳಿಸಿ ಕರೆಂಟು ಕೂಡಿಡುವ ಶರಾವತಿಯ ಯೋಜನೆಗೆ ಮಲೆನಾಡಿನ ಕಾಡು ಬೆಲೆ ತೆರಬೇಕಾದೀತು ಎಂಬ ಆತಂಕ ನನ್ನದೂ ಹೌದು. ಈಗಾಗಲೇ ಎತ್ತಲೇಬೇಕಾದ ನೀರನ್ನು ಗಾಳಿಯ ಹೊತ್ತು ನೋಡಿ ಎತ್ತಲು ಕಾಡು ಕಡಿಯಬೇಕಿಲ್ಲ.

ದೊಡ್ಡ ಕಣದ ಮಾತು ಇಷ್ಟು. ಚಿಕ್ಕ ಕಣದ ಮಾತೊಂದಿದೆ.

ನಮ್ಮ ಹೊಲದ ಬದುವಿನ ಟ್ರಾನ್ಸ್‌ಫಾರ್ಮರ್, ಊರ ಮಾತಲ್ಲಿ ಟಿಸಿ, 100 ಕೆವಿಎ ಸಾಮರ್ಥ್ಯದ್ದು. ಅದಕ್ಕೆ ಎಂಟು ಮೋಟರು, ಒಂದೊಂದೂ ಏಳೂವರೆ ಎಚ್‌ಪಿ. ಓಡುವಾಗ ಒಂದೊಂದು 14 ಆಂಪಿಯರಿನಂತೆ ಒಟ್ಟು 112; ಟಿಸಿ ತಡೆಯುವುದು 133. ಕಾಗದದ ಮೇಲೆ ಎಲ್ಲ ಸರಿ. ಆದರೂ ಬೇಸಿಗೆ ಬಂತೆಂದರೆ ಅದು ಸುಡುತ್ತಿತ್ತು. ಹೊಸದು ಬರುವ ತನಕ ಬಾಳೆ ಒಣಗುತ್ತಿತ್ತು. ಕಾರಣ ಆಟೋ ಸ್ಟಾರ್ಟರ್. ರಾತ್ರಿ ಎದ್ದು ಹೋಗುವುದು ತಪ್ಪಲೆಂದು ಎಲ್ಲರೂ ಹಾಕಿಸಿದ್ದು. ತ್ರೀ ಫೇಸ್ ಬಂದ ಮರುಕ್ಷಣ ಎಂಟೂ ಒಟ್ಟಿಗೆ ಹೊರಡುತ್ತಿದ್ದವು. ನಿಂತ ಮೋಟರು ಹೊರಡುವ ಮೊದಲ ಕೆಲವು ಕ್ಷಣ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ನಿಂತ ಗಾಡಿ ಎಳೆಯಲು ಎತ್ತು ಮೊದಲು ಮೊಣಕಾಲೂರುವ ಹಾಗೆ. ಎಂಟೂ ಸೇರಿ 600 ಆಂಪಿಯರ್. ವೋಲ್ಟೇಜು ಕುಸಿಯುತ್ತದೆ, ಕುಸಿದಾಗ ಮೋಟರು ಬೇಗ ವೇಗ ಹಿಡಿಯದೆ ಇನ್ನಷ್ಟು ಹೊತ್ತು ಎಳೆಯುತ್ತದೆ, ಟಿಸಿ ಕಾಯುತ್ತದೆ.

ಬೇವಿನ ಮರದಡಿ ಎಂಟು ಮನೆಯವರೂ ಕೂತೆವು. ಸ್ಟಾರ್ಟರ್ ಡಬ್ಬದೊಳಗೆ ತಡ ಮಾಡಿ ಹೊರಡಿಸುವ ಟೈಮರ್ ಇರುತ್ತದೆ, ಒಂದು ಸಣ್ಣ ತಿರುಗಣೆ. ಒಬ್ಬೊಬ್ಬರಿಗೆ ಅರ್ಧ ನಿಮಿಷದ ಅಂತರ ಇಡೋಣ ಎಂದೆ. ಕೊನೆಯ ಸರದಿ ಯಾರದು ಎನ್ನುವಲ್ಲಿ ಮಾತು ನಿಂತಿತು. ಎಲ್ಲರಿಗಿಂತ ಹಿರಿಯರಾದ ಪಕ್ಕದ ಹೊಲದ ದೊಡ್ಡಪ್ಪ ಟವಲ್ಲು ಕೊಡವಿ ಎದ್ದರು. “ನಂದೇ ಕಡೇಗಿರ್‍ಲಿ ಬಿಡಪ್ಪ. ನಾಕು ನಿಮಿಷ ತಡ ಆದ್ರೆ ಬೋರಿನ ನೀರೇನು ಓಡಿಹೋಗಲ್ಲ.”

ಮಾರನೆಯ ದಿನ ಬೆಳಿಗ್ಗೆ ಕರೆಂಟು ಬರುವ ಹೊತ್ತಿಗೆ ನಾವೆಲ್ಲ ಬದುವಿನ ಮೇಲೆ ನಿಂತಿದ್ದೆವು. ಟಿಸಿ ಗುಂಯ್ ಎಂದಿತು. ಮೊದಲು ನಮ್ಮದು ಹೊರಟಿತು. ಆಮೇಲೆ ತೆಂಗಿನ ಸಾಲಿನ ಆಚೆ ಒಂದು, ಅದು ನೀರು ಕಕ್ಕುವ ಹೊತ್ತಿಗೆ ಹಳ್ಳದ ದಡದಲ್ಲಿ ಇನ್ನೊಂದು. ಮಾತಿಲ್ಲದೆ ಎಣಿಸುತ್ತ ನಿಂತೆವು. ಏಳನೆಯದು ಹೊರಟ ಮೇಲೆ ದೊಡ್ಡಪ್ಪ ತಮ್ಮ ಬೋರಿನ ಕಡೆ ಕಿವಿ ಕೊಟ್ಟು, ಒಂದು ಕೈ ಎತ್ತಿ ಹಿಡಿದಿದ್ದರು.